ನೆಗ್ಗಿದ ಡಬ್ಬಿಗೆ ಲ್ಯಾಬ್ ರಿಪೋರ್ಟ್ ಯಾಕೆ?

"ಹತ್ತು ಡಬ್ಬಿ ಲ್ಯಾಬಿಗೆ ಕಳಿಸೋಣ ಮೇಡಂ. ರಿಪೋರ್ಟ್ ಚೆನ್ನಾಗಿ ಬಂತು ಅಂದ್ರೆ ಉಳಿದದ್ದನ್ನ ಬಿಟ್ಟುಬಿಡೋಣ."

ಆಮದು ಆಹಾರದ ಗೋದಾಮಿನಲ್ಲಿ ಕ್ವಾಲಿಟಿ ಮೇಜಿನ ಹಿಂದೆ ಕೂತವರೆಲ್ಲ ಈ ಮಾತು ಕೇಳಿಯೇ ಇರುತ್ತಾರೆ. ಸಮುದ್ರದಲ್ಲಿ ಹಡಗು ಹೊಯ್ದಾಡಿ ಕಂಟೈನರಿನೊಳಗೆ ಪ್ಯಾಲೆಟ್ ಕುಸಿದಿರುತ್ತದೆ. ಇಲ್ಲವೇ ಫೋರ್ಕ್‌ಲಿಫ್ಟಿನ ಕೊಂಬು ರಟ್ಟಿನ ಪೆಟ್ಟಿಗೆಗಳನ್ನು ತಿವಿದಿರುತ್ತದೆ. ಇಲ್ಲವೇ ಕಂಟೈನರಿನ ಚಾವಣಿ ಸೋರಿ ಡಬ್ಬಿಗಳಿಗೆ ತುಕ್ಕು ಹತ್ತಿರುತ್ತದೆ. ಒಳಗಿರುವುದು ಬ್ರೆಜಿಲ್‌ನ ಕಾರ್ನ್ಡ್ ಬೀಫೋ ಡೆನ್ಮಾರ್ಕಿನ ಲಂಚನ್ ಮೀಟೋ. ಹೊರಗೆ ನಿಂತಿರುವವರು ಆಮದುದಾರರ ಮ್ಯಾನೇಜರು, ಕ್ಲಿಯರಿಂಗ್ ಏಜೆಂಟು, ವಿಮಾ ಕಂಪನಿಯ ಸರ್ವೇಯರು. ಮೂವರಿಗೂ ಬೇಕಾಗಿರುವುದು ಒಂದು ಕಾಗದ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟು ತಿಂದ ಡಬ್ಬಿಗಳ ವಿಷಯದಲ್ಲಿ ಆ ಕಾಗದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಲ್ಯಾಬಿನವರು ಯಾವ ಹತ್ತು ಡಬ್ಬಿಯನ್ನು ತೆರೆದರೋ ಆ ಹತ್ತರ ಸುದ್ದಿ ಅದರಲ್ಲಿರುತ್ತದೆ. ಆ ಹತ್ತನ್ನು ಯಾರೂ ತಿನ್ನುವುದಿಲ್ಲ. ಜನ ತಿನ್ನುವುದು ಲ್ಯಾಬಿಗೆ ಹೋಗದೆ ಉಳಿದದ್ದನ್ನು.

ಇದನ್ನು ಹೇಳಲು ನಾನ್ಯಾರು? ಮೈಸೂರಿನ ಅಗ್ರಹಾರದಲ್ಲಿ, ಏಕಾದಶಿಗೆ ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು. ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನ ಓದಿ, ಮದುವೆಯಾಗಿ, ಯಜಮಾನರ ಜೊತೆ ಕೊಲ್ಲಿಗೆ ಹೋಗಿ, ಅಲ್ಲಿ ಬಂದರಿನ ಪಕ್ಕದ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದೆ. ನಿವೃತ್ತಿಯವರೆಗೂ ಮಾಂಸದ ಡಬ್ಬಿ ಮುಟ್ಟಿಯೇ ಸಂಬಳ ತೆಗೆದುಕೊಂಡೆ. ನಮ್ಮಮ್ಮನಿಗೆ ಮಾತ್ರ ಕಡೆಯವರೆಗೂ "ಬಿಸ್ಕತ್ತು, ಹಾಲಿನಪುಡಿ ಕಣಮ್ಮ" ಅಂತಲೇ ಹೇಳಿಕೊಂಡು ಬಂದೆ. ತಿನ್ನದವಳಿಗೆ ಮಾಂಸದ ಬಗ್ಗೆ ಏನು ಗೊತ್ತು ಎಂದು ಕೇಳಿದವರು ಬಹಳ. ಡಬ್ಬಿಯ ತಪಾಸಣೆಯಲ್ಲಿ ನಾಲಗೆಗೆ ಕೆಲಸವೇ ಇಲ್ಲ. ಅನುಮಾನ ಬಂದ ಡಬ್ಬಿಯನ್ನು ರುಚಿ ನೋಡುವಂಥ ಮೂರ್ಖತನ ಇನ್ನೊಂದಿಲ್ಲ. ಅಲ್ಲಿ ಕೆಲಸವಿರುವುದು ಕಣ್ಣಿಗೆ, ಬೆರಳಿಗೆ, ಸ್ವಲ್ಪಮಟ್ಟಿಗೆ ಕಿವಿಗೆ.

ಕಿವಿಯ ವಿಷಯ ನನಗೆ ಹೇಳಿಕೊಟ್ಟವರು ಯಾವ ಪ್ರೊಫೆಸರರೂ ಅಲ್ಲ, ಉಳ್ಳಾಲದ ಕಡೆಯ ಒಬ್ಬ ಹಿರಿಯರು. ಗೋದಾಮಿನಲ್ಲಿ ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಸಣ್ಣ ಮರದ ತುಂಡಿನಿಂದ ಡಬ್ಬಿಯ ಮುಚ್ಚಳದ ಮೇಲೆ ಟಕ್ ಎಂದು ಬಡಿದು, ಹಲಸಿನಹಣ್ಣು ತಟ್ಟಿ ನೋಡುವವರ ಹಾಗೆ ಒಂದು ಕ್ಷಣ ತಲೆ ಓರೆ ಮಾಡಿ, ಇದು ಈಚೆಗೆ, ಅದು ಆಚೆಗೆ ಎಂದು ತಳ್ಳುತ್ತಿದ್ದರು. ಒಳಗೆ ನಿರ್ವಾತ ಸರಿಯಾಗಿದ್ದರೆ ಮುಚ್ಚಳ ಒಳಕ್ಕೆ ಎಳೆದುಕೊಂಡು ಬಿಗಿಯಾಗಿರುತ್ತದೆ, ಸದ್ದು ಚುರುಕಾಗಿ ಬರುತ್ತದೆ. ಗಾಳಿ ಹೊಕ್ಕಿದ್ದರೆ ಸದ್ದು ಮಂಕು. ಮೊದಮೊದಲು ನನಗೆ ನಂಬಿಕೆಯಿರಲಿಲ್ಲ. ಅವರು ಆಚೆಗೆ ತಳ್ಳಿದ ಡಬ್ಬಿಗಳಿಗೆ ಸೂಜಿಮೂತಿಯ ವ್ಯಾಕ್ಯೂಮ್ ಗೇಜ್ ಚುಚ್ಚಿ ಅಳೆದೆ. ಮುಳ್ಳು ಎದ್ದದ್ದೇ ಅಪರೂಪ. "ಅಕ್ಕಾ, ಮಿಷನ್ ಏನು ಹೇಳಿತು?" ಎಂದು ಕೇಳಿ ಅವರು ನಗುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ಆದರೂ ಅಕ್ಕಾ ಎಂದೇ ಕರೆಯುತ್ತಿದ್ದರು.

ಕಾಕನ ಕೈಯಲ್ಲಿದ್ದ ವಿದ್ಯೆ ಯಾಕೆ ದೊಡ್ಡದು ಎಂಬುದು ಗೊತ್ತಾಗಬೇಕಾದರೆ ಡಬ್ಬಿಯ ಅಂಚು ಹೇಗಿರುತ್ತದೆ ಎಂಬುದು ಗೊತ್ತಿರಬೇಕು. ಡಬ್ಬಿಯ ಮೈಯ ತುದಿಯನ್ನೂ ಮುಚ್ಚಳದ ತುದಿಯನ್ನೂ ಯಂತ್ರ ಕೊಕ್ಕೆಗೆ ಕೊಕ್ಕೆ ಸೇರಿಸಿ ಮಡಿಸುತ್ತದೆ, ಆಮೇಲೆ ಒತ್ತಿ ಚಪ್ಪಟೆ ಮಾಡುತ್ತದೆ. ಮುಚ್ಚಳದ ಮೂರು ಪದರ, ಮೈಯ ಎರಡು ಪದರ, ಒಟ್ಟು ಐದು ಪದರ ತಗಡು ಒಂದರೊಳಗೊಂದು ಕೂತಿರುತ್ತದೆ. ನಡುವೆ ರಬ್ಬರಿನಂಥ ಒಂದು ತೆಳು ಲೇಪ. ಇದಕ್ಕೆ ಡಬಲ್ ಸೀಮ್ ಎನ್ನುತ್ತಾರೆ. ಬೆಸುಗೆಯಿಲ್ಲ, ಅಂಟಿಲ್ಲ, ಕೊಕ್ಕೆ ಬಿಗಿಯಾಗಿದೆ ಎಂಬ ಒಂದೇ ಭರವಸೆಯ ಮೇಲೆ ಒಳಗಿನ ಮಾಂಸ ವರ್ಷಗಟ್ಟಲೆ ಕೆಡದೆ ಇರುತ್ತದೆ. ಈ ಕೊಕ್ಕೆ ಕೂದಲೆಳೆಯಷ್ಟು ಸಡಿಲವಾದರೂ ಸೂಕ್ಷ್ಮಜೀವಿಗೆ ಅದು ಹೆಬ್ಬಾಗಿಲು.

ಹಾಗಾಗಿ ನೆಗ್ಗಿದ ಡಬ್ಬಿಯ ವಿಷಯದಲ್ಲಿ ಕೇಳಬೇಕಾದ್ದು ಎಷ್ಟು ನೆಗ್ಗಿದೆ ಎಂದಲ್ಲ, ಎಲ್ಲಿ ನೆಗ್ಗಿದೆ ಎಂದು. ಮೈಯ ನಡುವೆ ಬಟ್ಟಲಿನಷ್ಟು ದೊಡ್ಡ ನುಣುಪಾದ ತಗ್ಗು ಬಿದ್ದಿರಲಿ, ಮಡಿಕೆಯಿಲ್ಲದಿದ್ದರೆ ಒಳಗಿನದು ಬಹುಪಾಲು ಚೆನ್ನಾಗಿಯೇ ಇರುತ್ತದೆ. ನೋಡಲು ಭೀಕರ, ಅಷ್ಟೆ. ಅಂಚಿನ ಮೇಲೆ ಉಗುರಗಲದ ಚೂಪು ಪೆಟ್ಟು ಬಿದ್ದಿದ್ದರೆ ಅದು ಬೇರೆಯೇ ಮಾತು. ಅಂಗಡಿಯ ಕಪಾಟಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಗಿರಾಕಿಗಳು ಮೈ ನೆಗ್ಗಿದ ಡಬ್ಬಿಯನ್ನು ಹಿಂದಕ್ಕಿಟ್ಟು ಅಂಚು ಕೆಟ್ಟದ್ದನ್ನು ಬುಟ್ಟಿಗೆ ಹಾಕಿಕೊಂಡು ಹೋಗುವುದನ್ನು ನೋಡಿದ್ದೇನೆ. ಮಾಂಸದ ಡಬ್ಬಿಯನ್ನು ತೆರೆದಾಗ ಒಳಗೋಡೆಯ ಮೇಲೆ ಕಪ್ಪು, ನೇರಳೆ ಕಲೆ ಕಂಡರೆ ಅದನ್ನು ತಂದು ಜಗಳ ಆಡುವವರೂ ಇದ್ದಾರೆ. ಆ ಕಲೆ ಮಾಂಸದೊಳಗಿನ ಗಂಧಕ ತಗಡಿನೊಂದಿಗೆ ಸೇರಿ ಆಗುವಂಥದ್ದು, ನಿರಪಾಯ. ಹೆದರಬೇಕಾದ್ದಕ್ಕೆ ಹೆದರದೆ ಬೇಡದ್ದಕ್ಕೆ ಹೆದರುವುದು ಡಬ್ಬಿಯ ವ್ಯವಹಾರದಲ್ಲಿ ಮಾಮೂಲು.

ಈಗ ಲ್ಯಾಬಿನ ಮಾತಿಗೆ ಬರುತ್ತೇನೆ. ಲ್ಯಾಬಿನ ಮೇಲೆ ನನಗೆ ದ್ವೇಷವಿಲ್ಲ. ಅಲ್ಲೇ ಓದಿ ಬೆಳೆದವಳು. ಡಬ್ಬಿಗೆ ಬರುವ ಕೆಲವು ಕಾಯಿಲೆಗಳಿಗೆ ಲ್ಯಾಬೇ ಸರಿಯಾದ ಜಾಗ. ಕಾರ್ಖಾನೆಯಲ್ಲಿ ಮುಚ್ಚಿದ ಡಬ್ಬಿಗಳನ್ನು ರಿಟಾರ್ಟ್ ಎಂಬ ದೊಡ್ಡ ಹಬೆಪಾತ್ರೆಯಲ್ಲಿ 121 ಡಿಗ್ರಿ ಸೆಲ್ಸಿಯಸ್ ಸುಮಾರಿನ ಶಾಖದಲ್ಲಿ ಬೇಯಿಸುತ್ತಾರೆ. ಬಾಟುಲಿಸಂ ಎಂಬ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾದ ಬೀಜಕಗಳು ನೀರು ಕುದಿಯುವ ಶಾಖಕ್ಕೆಲ್ಲ ಜಗ್ಗುವುದಿಲ್ಲ, ಅದಕ್ಕೇ ಇಷ್ಟು ಶಾಖ. ಆಪರೇಟರ್ ಉಗಿ ಕಡಿಮೆ ಬಿಟ್ಟ, ಹೊತ್ತಿಗೆ ಮುಂಚೆ ಇಳಿಸಿದ ಎಂದಿಟ್ಟುಕೊಳ್ಳಿ. ಆಗ ಕೆಡುವುದು ಒಂದು ಡಬ್ಬಿಯಲ್ಲ, ಆ ಹಬೆಪಾತ್ರೆಯ ತುಂಬ ಇದ್ದ ಅಷ್ಟೂ ಡಬ್ಬಿ. ಅದು ಲಾಟಿಗೇ ಬಂದ ರೋಗ. ಅಂಥ ಲಾಟಿನಿಂದ ನಾಲ್ಕಾರು ಡಬ್ಬಿ ತೆಗೆದು ಬೆಚ್ಚಗಿಟ್ಟರೆ ಸಾಮಾನ್ಯವಾಗಿ ರೋಗ ಬಯಲಾಗುತ್ತದೆ. ಅಮೆರಿಕದ ಕೃಷಿ ಇಲಾಖೆಯ ಮಾಂಸ ತಪಾಸಣಾ ನಿಯಮಗಳಲ್ಲಿ ಡಬ್ಬಿಗಳನ್ನು 35 ಡಿಗ್ರಿ ಸುಮಾರಿನಲ್ಲಿ ಕನಿಷ್ಠ 10 ದಿನ ಇಟ್ಟು ಊದುತ್ತವೆಯೇ ನೋಡಬೇಕೆಂದು ಬರೆದಿರುವುದು ಇದಕ್ಕೇ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೂ ಡಬ್ಬಿ ಮಾಂಸಕ್ಕೆ 35 ಡಿಗ್ರಿಯಲ್ಲಿ 10 ದಿನ ಎನ್ನುತ್ತದೆ, ಅದರ ಜೊತೆಗೆ 55 ಡಿಗ್ರಿಯಲ್ಲಿ 5 ದಿನವನ್ನೂ ಕೇಳುತ್ತದೆ. ಎರಡನೆಯದು ನನಗೆ ಬಹಳ ಇಷ್ಟವಾದ ನಿಯಮ. ಮೇ ತಿಂಗಳ ಬಿಸಿಲಲ್ಲಿ ಬಂದರಿನ ಅಂಗಳದಲ್ಲಿ ನಿಂತ ಕಬ್ಬಿಣದ ಕಂಟೈನರಿನ ಬಾಗಿಲು ತೆರೆದು ನೋಡಿದವರಿಗೆ ಆ 55 ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪೆಟ್ಟು ಲಾಟಿಗೆ ಬರುವ ರೋಗವಲ್ಲ. ಫೋರ್ಕ್‌ಲಿಫ್ಟಿನ ಕೊಂಬು ಈ ಡಬ್ಬಿಗೆ ತಾಗಿತು, ಪಕ್ಕದ್ದಕ್ಕೆ ತಾಗಲಿಲ್ಲ. ಈ ಡಬ್ಬಿಯ ಅಂಚಿನ ಗತಿ ಪಕ್ಕದ ಡಬ್ಬಿಯ ಅಂಚಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಒಬ್ಬರ ಮೂಳೆ ಮುರಿದಿದೆಯೇ ಎಂದು ತಿಳಿಯಲು ಇನ್ನೊಬ್ಬರ ಎಕ್ಸ್‌ರೇ ತೆಗೆಯುವ ಡಾಕ್ಟರರನ್ನು ನಾನು ಕಂಡಿಲ್ಲ, ಡಬ್ಬಿಯ ವಿಷಯದಲ್ಲಿ ಮಾತ್ರ ಅದನ್ನೇ ವಿಜ್ಞಾನ ಎಂದು ಮಾರುತ್ತಾರೆ.

ಲೆಕ್ಕ ಹಾಕಿ ನೋಡಿ, ಪಿಯುಸಿ ಗಣಿತ ಸಾಕು. ಇಪ್ಪತ್ತು ಅಡಿಯ ಕಂಟೈನರಿನಲ್ಲಿ 340 ಗ್ರಾಂ ಡಬ್ಬಿಗಳು ಸುಮಾರು 50,000 ಹಿಡಿಸುತ್ತವೆ. ಸಾವಿರಕ್ಕೆ ಒಂದು ಡಬ್ಬಿಯ ಅಂಚು ಸೋರುತ್ತಿದೆ ಎಂದುಕೊಳ್ಳೋಣ. ಅಲ್ಲಿಗೆ 50 ಡಬ್ಬಿ. ನೋಡದೆ ಹತ್ತು ಎತ್ತಿದರೆ ಅದರಲ್ಲಿ ಸೋರುವ ಡಬ್ಬಿ ಒಂದಾದರೂ ಇರುವ ಸಂಭವ ನೂರಕ್ಕೆ ಒಂದು. ಹತ್ತರ ಬದಲು 200 ಎತ್ತಿದರೂ ನೂರಕ್ಕೆ 18. ಅಂದರೆ 200 ಡಬ್ಬಿ ಹಾಳು ಮಾಡಿ, ಹತ್ತು ದಿನ ಕಾದು, ಫೀಸು ಕಟ್ಟಿ ತಂದ ರಿಪೋರ್ಟು ಐದರಲ್ಲಿ ನಾಲ್ಕು ಸಲ "ಎಲ್ಲ ಸರಿ" ಎನ್ನುತ್ತದೆ, 50 ಡಬ್ಬಿ ಸೋರುತ್ತಿರುವಾಗಲೇ. ಸರ್ವೇಯರರ ಮುಂದೆ ಈ ಲೆಕ್ಕ ಬರೆದು ತೋರಿಸಿದ್ದೇನೆ. "ಗಣಿತ ಸರಿ ಮೇಡಂ, ಆದರೆ ಕ್ಲೇಮ್ ಫೈಲಿಗೆ ಒಂದು ರಿಪೋರ್ಟ್ ಬೇಕಲ್ಲ" ಎಂದರು.

ಇನ್ನೂ ಒಂದು ತೊಡಕಿದೆ. ಸೋರಿಕೆಯನ್ನು ಖಚಿತವಾಗಿ ತೋರಿಸುವ ಪರೀಕ್ಷೆಗಳೆಲ್ಲ ಡಬ್ಬಿಯನ್ನೇ ಬಲಿ ಕೇಳುತ್ತವೆ. ತೂತು ಕೊರೆದು ಒಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು, ಇಲ್ಲವೇ ಬಣ್ಣದ ದ್ರಾವಣ ಹಾಕಿ ಅಂಚಿನಲ್ಲಿ ಎಲ್ಲಿ ಒಸರುತ್ತದೆ ನೋಡಬೇಕು, ಇಲ್ಲವೇ ಸೀಮ್ ಕೊಯ್ದು ಕೊಕ್ಕೆಗಳು ಒಂದರ ಮೇಲೊಂದು ಎಷ್ಟು ಕೂತಿವೆ ಎಂದು ಅಳೆಯಬೇಕು. ಡಬ್ಬಿ ಚೆನ್ನಾಗಿತ್ತು ಎಂದು ಖಾತ್ರಿಯಾಗುವ ಹೊತ್ತಿಗೆ ಡಬ್ಬಿಯೇ ಇರುವುದಿಲ್ಲ. ಡಬ್ಬಿ ಉಳಿಸಿಕೊಂಡು ಮಾಡಬಹುದಾದ್ದು ನೋಡುವುದು, ಮುಟ್ಟುವುದು, ಬಡಿಯುವುದು, ಬೆಚ್ಚಗಿಟ್ಟು ಕಾಯುವುದು, ಇಷ್ಟೇ. ಕಾಯುವುದಕ್ಕೂ ಒಂದು ಮಿತಿಯಿದೆ. ಅಂಚಿನ ಬಿರುಕಿಗೆ ಒಳಗಿನ ಕೊಬ್ಬೇ ಬೆಣೆಯ ಹಾಗೆ ಕೂತಿದ್ದರೆ ಇನ್ಕ್ಯುಬೇಟರಿನಲ್ಲಿ ಹತ್ತು ದಿನ ಏನೂ ಆಗದೆ, ಆಮೇಲೆ ಲಾರಿಯ ಕುಲುಕಾಟಕ್ಕೆ ಬೆಣೆ ಸಡಿಲವಾಗಬಹುದು.

ಊದಿದ ಡಬ್ಬಿಯಾದರೋ ಪುಣ್ಯಾತ್ಮ, ತನ್ನ ಕೇಡನ್ನು ತಾನೇ ಸಾರುತ್ತದೆ. ಊದದೆ ಕೆಡುವ ಡಬ್ಬಿಯೇ ಕಷ್ಟ. ಇದಕ್ಕೆ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಕಥೆಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ.

1964ರ ಮೇ ತಿಂಗಳಲ್ಲಿ ಆ ಊರಿನಲ್ಲಿ ಟೈಫಾಯ್ಡ್ ಶುರುವಾಯಿತು. ನೀರು ಶುದ್ಧವಾಗಿರುವ, ಒಳಚರಂಡಿ ಸರಿಯಿರುವ, ಟೈಫಾಯ್ಡ್ ಎಂದರೆ ಅಜ್ಜಿಯ ಕಾಲದ ಕಾಯಿಲೆ ಎಂದುಕೊಂಡಿದ್ದ ಊರು. ಕೆಲವೇ ವಾರಗಳಲ್ಲಿ 500ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು, ಆಸ್ಪತ್ರೆಗಳು ತುಂಬಿದವು, ಶಾಲೆಗಳು ಮುಚ್ಚಿದವು. ಊರಿನ ಆರೋಗ್ಯಾಧಿಕಾರಿ ಇಯಾನ್ ಮೆಕ್‌ಕ್ವೀನ್ ದಿನಾ ಪತ್ರಕರ್ತರನ್ನು ಕರೆದು ಮಾತಾಡಿದರು. ಆಮೇಲೆ ತನಿಖಾ ಸಮಿತಿಯವರು, ಇಷ್ಟೊಂದು ಮಾತು ಬೇಕಿತ್ತೇ ಎಂದು ಅವರನ್ನೇ ತರಾಟೆಗೆ ತೆಗೆದುಕೊಂಡರು. (ನನಗೆ ಮೆಕ್‌ಕ್ವೀನ್ ಮೇಲೆ ಗೌರವ. ಬಾಯಿ ಬಿಡದ ಅಧಿಕಾರಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.) ಜೂನ್ ಕೊನೆಗೆ ಎಲ್ಲ ಮುಗಿದ ಮೇಲೆ, ಊರಿನ ಹೆಸರಿಗೆ ಹತ್ತಿದ ಮಸಿ ತೊಳೆಯಲೆಂದು ರಾಣಿ ಎಲಿಜಬೆತ್ ಅಲ್ಲಿಗೆ ಬಂದು ಹೋದರು.

ಹುಡುಕುತ್ತ ಹೋದಾಗ ಎಳೆ ಸಿಕ್ಕಿದ್ದು ಒಂದು ಸೂಪರ್‌ಮಾರ್ಕೆಟ್ಟಿನ ತಣ್ಣನೆಯ ಮಾಂಸದ ಕೌಂಟರಿನಲ್ಲಿ. ಅರ್ಜೆಂಟೀನಾದಿಂದ ಬಂದ, ಸುಮಾರು ಮೂರು ಕಿಲೋ ತೂಕದ ಕಾರ್ನ್ಡ್ ಬೀಫ್ ಡಬ್ಬಿ. ಬಹುಶಃ ಒಂದೇ ಒಂದು. ಅದನ್ನು ತೆರೆದು ಯಂತ್ರದಲ್ಲಿ ಹೋಳು ಮಾಡಿದರು. ಅದೇ ಯಂತ್ರದಲ್ಲಿ ಬೇರೆ ಮಾಂಸಗಳನ್ನೂ ಹೋಳು ಮಾಡಿದರು. ಡಬ್ಬಿ ಮುಗಿದ ಮೇಲೂ ರೋಗ ಮುಗಿಯಲಿಲ್ಲ. ಜನ ಅದನ್ನು ಬಿಸಿ ಮಾಡದೆ ಸ್ಯಾಂಡ್‌ವಿಚ್ಚಿನಲ್ಲಿ, ಸಲಾಡಿನ ಪಕ್ಕದಲ್ಲಿ ತಿಂದರು. ನಮ್ಮ ಗೋದಾಮಿನ ಫಿಲಿಪಿನೋ ಹುಡುಗರು ಕಾರ್ನ್ಡ್ ಬೀಫನ್ನು ಬೆಳ್ಳುಳ್ಳಿ, ಈರುಳ್ಳಿ ಹಾಕಿ ಬಾಣಲೆಯಲ್ಲಿ ಚೆನ್ನಾಗಿ ಹುರಿದು ತಿನ್ನುತ್ತಿದ್ದರು. ಅಬರ್ಡೀನಿನವರಿಗೆ ಆ ಅಭ್ಯಾಸವಿದ್ದಿದ್ದರೆ ಆ ಬೇಸಿಗೆ ಬೇರೆಯೇ ಆಗುತ್ತಿತ್ತು.

ಟೈಫಾಯ್ಡ್ ಡಬ್ಬಿಯೊಳಗೆ ಹೋದದ್ದು ಹೇಗೆ? ಮಾಂಸ ಬೆಂದಿತ್ತು, ರಿಟಾರ್ಟಿನ ಶಾಖಕ್ಕೆ ಟೈಫಾಯ್ಡ್ ಬ್ಯಾಕ್ಟೀರಿಯಾ ಉಳಿಯುವ ಮಾತೇ ಇಲ್ಲ. ಹೋದದ್ದು ಬೆಂದ ಮೇಲೆ, ಡಬ್ಬಿ ತಣಿಸುವಾಗ. ಬಿಸಿ ಡಬ್ಬಿಗೆ ತಣ್ಣೀರು ತಾಗಿದೊಡನೆ ಒಳಗೆ ನಿರ್ವಾತ ಉಂಟಾಗಿ ಹೀರತೊಡಗುತ್ತದೆ, ಅಂಚಿನ ಲೇಪ ಇನ್ನೂ ಮೆತ್ತಗಿರುತ್ತದೆ. ಆ ಕ್ಷಣದಲ್ಲಿ ಅಂಚಿನಲ್ಲಿ ಅತಿಸಣ್ಣ ದೋಷವಿದ್ದರೂ ಒಂದು ಹನಿ ನೀರು ಒಳಗೆ ಹೋಗುತ್ತದೆ. ಡಬ್ಬಿ ತಣಿಸುವ ನೀರಿಗೆ ಕ್ಲೋರಿನ್ ಹಾಕಲೇಬೇಕು ಎನ್ನುವುದು ಇದಕ್ಕೇ. ಆ ಡಬ್ಬಿ ತಯಾರಾದ ರೊಸಾರಿಯೊ ಊರಿನ ಕಾರ್ಖಾನೆ ಪರಾನಾ ನದಿಯ ನೀರನ್ನು ಕ್ಲೋರಿನ್ ಇಲ್ಲದೆ ಬಳಸುತ್ತಿತ್ತು, ಊರಿನ ಕೊಳಚೆ ಸೇರುತ್ತಿದ್ದದ್ದೂ ಅದೇ ನದಿಗೆ. ಟೈಫಾಯ್ಡ್ ಬ್ಯಾಕ್ಟೀರಿಯಾ ಮಾಂಸದಲ್ಲಿ ಬೆಳೆದರೂ ಅನಿಲ ಬಿಡುವುದಿಲ್ಲ. ಡಬ್ಬಿ ಊದುವುದಿಲ್ಲ, ಮಾಂಸದ ಬಣ್ಣ ಕೆಡುವುದಿಲ್ಲ, ವಾಸನೆ ಬರುವುದಿಲ್ಲ. ಅಬರ್ಡೀನಿನ ಕೌಂಟರಿನಲ್ಲಿ ಇನ್ಯಾರೇ ನಿಂತಿದ್ದರೂ ಆ ಡಬ್ಬಿಯನ್ನು ತೆರೆದೇ ತೆರೆಯುತ್ತಿದ್ದರು.

ನನಗೆ ಸಿಟ್ಟು ಬರಿಸುವ ಭಾಗ ಇದಲ್ಲ. ಹಿಂದಿನ ವರ್ಷವೇ, 1963ರಲ್ಲಿ, ಇಂಗ್ಲೆಂಡಿನ ಹಾರ್ಲೊ, ಸೌತ್ ಶೀಲ್ಡ್ಸ್, ಬೆಡ್‌ಫರ್ಡ್ ಊರುಗಳಲ್ಲಿ ಕಾರ್ನ್ಡ್ ಬೀಫಿನಿಂದಲೇ ಟೈಫಾಯ್ಡ್ ಬಂದಿತ್ತು. ಕ್ಲೋರಿನ್ ಇಲ್ಲದ ನೀರಿನ ಅನುಮಾನ ಅಧಿಕಾರಿಗಳ ಮುಂದೆ ಇತ್ತು. ಆದರೂ ಅದಾಗಲೇ ಬ್ರಿಟನ್ನಿಗೆ ಬಂದು ಗೋದಾಮು ಸೇರಿದ್ದ ಅನುಮಾನದ ದಾಸ್ತಾನನ್ನು ಹಿಂತೆಗೆಯಲಿಲ್ಲ. ಲಕ್ಷಾಂತರ ಡಬ್ಬಿ, ಎಲ್ಲ ನೋಡಲು ಫಳಫಳ. ಯಾವುದನ್ನು ಎಸೆಯುವುದು? ಒಂದೂ ಊದಿಲ್ಲವಲ್ಲ ಎಂಬುದೇ ಅವರಿಗೆ ಸಮಾಧಾನ ಕೊಟ್ಟಿರಬೇಕು ಎಂದು ನನ್ನ ಊಹೆ. ಇದರ ತನಿಖೆ ಮಾಡಿದ ಸರ್ ಡೇವಿಡ್ ಮಿಲ್ನ್ ಸಮಿತಿಯ ವರದಿ ಬಂದದ್ದು ಅಬರ್ಡೀನ್ ಮಲಗಿ ಎದ್ದ ಮೇಲೆ.

ಇದು ಲಾಟಿನ ರೋಗವೇ, ಬಿಡಿ ಡಬ್ಬಿಯ ರೋಗವೇ? ಎರಡೂ. ನೀರು ಕೆಟ್ಟದ್ದು ಲಾಟಿಗೆಲ್ಲ, ಅದನ್ನು ಹೀರಿಕೊಂಡದ್ದು ಸಾವಿರದಲ್ಲೋ ಲಕ್ಷದಲ್ಲೋ ಒಂದು ಡಬ್ಬಿ. ಬಂದರಿನಲ್ಲಿ ಕಣ್ಣಿಗೂ ಅದು ಸಿಗುವುದಿಲ್ಲ, ಲ್ಯಾಬಿಗೂ ಸಿಗುವುದಿಲ್ಲ. ಕಾರ್ಖಾನೆಯ ಲಾಗ್ ಪುಸ್ತಕದಲ್ಲಿ ಕ್ಲೋರಿನ್ ಕಾಲಂ ಖಾಲಿಯಿತ್ತೇ ಎಂದು ನೋಡಿದರೆ ಮಾತ್ರ ಸಿಗುತ್ತದೆ. ಅಮೆರಿಕದವರು ಮಾಂಸ ಕಳಿಸುವ ದೇಶದ ತಪಾಸಣಾ ವ್ಯವಸ್ಥೆ ತಮ್ಮದಕ್ಕೆ ಸಮವಾಗಿದೆಯೇ ಎಂದು ಮೊದಲು ತೀರ್ಮಾನಿಸಿ, ಆಮೇಲೆ ತಮ್ಮ ಬಂದರಿನಲ್ಲೂ ಮರುತಪಾಸಣೆ ಮಾಡುವುದು ಈ ಕಾರಣಕ್ಕೆ ನನಗೆ ಒಪ್ಪಿಗೆ. ಅದರಲ್ಲೂ ಡಬ್ಬಿಯ ಹೊರಮೈಯ ಸ್ಥಿತಿಗೆ ಅವರಲ್ಲಿ ಬೇರೆಯೇ ಮಾನದಂಡವಿದೆ. ದೋಷಗಳನ್ನು ಮಾರಕ, ದೊಡ್ಡ, ಸಣ್ಣ ಎಂದು ಮೂರು ದರ್ಜೆ ಮಾಡಿದ್ದಾರೆ. ಸೋರುವುದು, ಊದಿದ್ದು ಮಾರಕದ ಸಾಲಿಗೆ. ಚೀಟಿ ಹರಿದದ್ದಕ್ಕೂ ಅಂಚು ಮುರಿದದ್ದಕ್ಕೂ ಒಂದೇ "ಡ್ಯಾಮೇಜ್" ಎಂದು ಬರೆಯುವ ನಮ್ಮ ಕಡೆಯ ಗೋದಾಮಿನ ರಿಜಿಸ್ಟರ್‌ಗಳು ಇಷ್ಟನ್ನಾದರೂ ಕಲಿಯಬಹುದು.

ಚೀಟಿ ಎಂದಾಗ ನೆನಪಾಯಿತು. ಕಾಗದದ ಚೀಟಿ ಸುತ್ತಿದ ಡಬ್ಬಿಯನ್ನು ಚೀಟಿ ಬಿಚ್ಚದೆ ನೋಡಿದರೆ ನೋಡಿದ ಹಾಗಲ್ಲ. ಮೈಯ ತುಕ್ಕು, ಮಡಿಕೆ ಎಲ್ಲ ಅದರ ಕೆಳಗೇ ಅಡಗಿರುತ್ತದೆ. ಆದರೆ ಚೀಟಿ ಬಿಚ್ಚಿದರೆ ಡಬ್ಬಿ ಮಾರಲು ಬರುವುದಿಲ್ಲ ಎಂದು ಮಾಲೀಕರ ತಕರಾರು. ತುಕ್ಕಿನಲ್ಲೂ ಭೇದವಿದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವುದು ಸರಿ. ಒರೆಸಿದ ಮೇಲೂ ಬೆರಳಿಗೆ ಕುಳಿ ಸಿಕ್ಕಿದರೆ ಆ ಡಬ್ಬಿ ನನ್ನ ಮಟ್ಟಿಗೆ ಸತ್ತಂತೆ. ಕಾಕನಿಗೂ ನನಗೂ ಇಲ್ಲಿ ಮಾತ್ರ ಜಗಳ; ಅವರು ಸಣ್ಣ ಕುಳಿಯನ್ನು ಬಿಟ್ಟುಬಿಡುತ್ತಿದ್ದರು. "ಬಡವರು ತಿನ್ನೋದು ಅಕ್ಕಾ, ಅಷ್ಟು ಎಸೆದರೆ ಹೇಗೆ?" ಎನ್ನುತ್ತಿದ್ದರು.

ಬಡವರು ತಿನ್ನುವುದು ಎಂಬ ಆ ಮಾತೇ ಈ ವ್ಯವಹಾರದ ಹೂರಣ. ಪೆಟ್ಟು ತಿಂದ ಸರಕಿಗೆ ವಿಮಾ ಕಂಪನಿ ದುಡ್ಡು ಕಟ್ಟುತ್ತದೆ. ಕಟ್ಟಿದ ಮೇಲೆ ಸರಕನ್ನು ಸಾಲ್ವೇಜ್ ಎಂದು ಹರಾಜು ಹಾಕಿ ಬಂದಷ್ಟು ಬಾಚಿಕೊಳ್ಳುತ್ತದೆ. ಕೊಳ್ಳುವವನು ಒರೆಸಿ, ಹೊಸ ರಟ್ಟಿನ ಪೆಟ್ಟಿಗೆಗೆ ತುಂಬಿ, ಅರ್ಧ ಬೆಲೆಗೆ ಸಾಗಹಾಕುತ್ತಾನೆ. ಕೊಲ್ಲಿಯಲ್ಲಿ ಅದು ಹೋಗುತ್ತಿದ್ದದ್ದು ಲೇಬರ್ ಕ್ಯಾಂಪುಗಳ ಪಕ್ಕದ ಗ್ರೋಸರಿಗಳಿಗೆ. ಅಲ್ಲಿ ಕೊಳ್ಳುವವರಲ್ಲಿ ಬಾಂಗ್ಲಾದವರಿದ್ದರು, ನೇಪಾಳದವರಿದ್ದರು, ನಮ್ಮ ಬಂಟ್ವಾಳ, ಭಟ್ಕಳದ ಹುಡುಗರೂ ಇದ್ದರು. ಹನ್ನೆರಡು ಗಂಟೆ ಕೆಲಸ ಮಾಡಿ ಬಂದು ಒಂದು ಡಬ್ಬಿ, ನಾಲ್ಕು ಖುಬೂಸು ತಂದು ಕೂರುವವನಿಗೆ ಅಂಚಿನ ಐದು ಪದರದ ಬಗ್ಗೆ ಯಾರು ಹೇಳುತ್ತಾರೆ? ಅವನಿಗೆ ಹೊಟ್ಟೆ ಕೆಟ್ಟರೆ ಒಂದು ದಿನದ ಕೂಲಿ ಖೋತಾ, ಅಷ್ಟೆ. ಯಾವ ಡಬ್ಬಿ, ಯಾವ ಲಾಟು ಎಂದು ಯಾರೂ ವಿಚಾರಿಸುವುದಿಲ್ಲ. ಡಬ್ಬಿ ಆಗಲೇ ಕಸದ ಬುಟ್ಟಿಯಲ್ಲಿರುತ್ತದೆ. ಹತ್ತು ಡಬ್ಬಿಯ ಆ ಲ್ಯಾಬ್ ರಿಪೋರ್ಟು ನಿಜಕ್ಕೂ ಕೆಲಸ ಮಾಡುವುದು ಇಲ್ಲಿ. ತಿನ್ನುವವನಿಗೆ ಅದು ಏನೂ ಮಾಡುವುದಿಲ್ಲ, ಮಾರುವವನಿಗೆ ಮಾತ್ರ ನಿಶ್ಚಿಂತೆ ಕೊಡುತ್ತದೆ.

ಬಡವರಿಗೆ ಅಗ್ಗದ ಮಾಂಸ ಸಿಗುವುದನ್ನು ನಾನು ತಪ್ಪಿಸುತ್ತಿದ್ದೇನೆ ಎಂಬ ಆಕ್ಷೇಪವನ್ನು ಹಗುರಾಗಿ ತೆಗೆದುಕೊಳ್ಳುವವಳಲ್ಲ ನಾನು. ಮೈಯಲ್ಲಿ ನುಣುಪಾಗಿ ನೆಗ್ಗಿದ, ಅಂಚು ಗಟ್ಟಿಯಿರುವ ಡಬ್ಬಿಯನ್ನು ಅರ್ಧ ಬೆಲೆಗೆ ಮಾರಲಿ, ಸಂತೋಷ. ನನ್ನ ಅನುಭವದಲ್ಲಿ ಕುಸಿದ ಪ್ಯಾಲೆಟ್ಟಿನ ಹೆಚ್ಚಿನ ಡಬ್ಬಿಗಳು ಇಂಥವೇ. ಅವನ್ನು ಉಳಿಸಬೇಕಾದರೂ ಬೇಕಾದ್ದು ಲ್ಯಾಬಲ್ಲ, ಒಂದೊಂದನ್ನೂ ಕೈಗೆತ್ತಿಕೊಂಡು ಅಂಚಿನ ಸುತ್ತ ಬೆರಳಾಡಿಸುವ ನಾಲ್ಕು ಜನ ತಿಳಿದವರು. ಅದಕ್ಕೆ ಕೂಲಿ ಕೊಡಬೇಕು, ಒಳ್ಳೆಯ ಬೆಳಕು ಬೇಕು, ಸಮಯ ಬೇಕು. ಇಷ್ಟು ಖರ್ಚು ಮಾಡಲು ಯಾರಿಗೂ ಮನಸ್ಸಿಲ್ಲದ್ದರಿಂದಲೇ ಹತ್ತು ಡಬ್ಬಿಯ ಉಪಾಯ ಹುಟ್ಟಿದ್ದು.

ಭಾರತಕ್ಕೆ ದನದ ಮಾಂಸದ ಆಮದು ನಿಷಿದ್ಧ, ಹಾಗಾಗಿ ಕಾರ್ನ್ಡ್ ಬೀಫಿನ ಕಂಟೈನರು ನಮ್ಮ ಬಂದರುಗಳಿಗೆ ಬರುವುದಿಲ್ಲ. ಆದರೆ ಡಬ್ಬಿಯಲ್ಲಿ ಬೇರೆ ಮಾಂಸ ಬರುತ್ತದೆ, ಮೀನು ಬರುತ್ತದೆ. ಅಂಚಿನ ಕಥೆ ಮೀನಿಗೂ ಅದೇ. 1978ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಾಲ್ವರು ವೃದ್ಧರು ಅಲಾಸ್ಕಾದ ಒಂದು ಡಬ್ಬಿ ಸಾಲ್ಮನ್ ಹಂಚಿಕೊಂಡು ತಿಂದರು, ಬಾಟುಲಿಸಂ ಆಗಿ ಇಬ್ಬರು ತೀರಿಕೊಂಡರು. ಡಬ್ಬಿಯಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದ ತೂತಿತ್ತು. ನಮ್ಮಲ್ಲಿ ಬಂದರಿನಲ್ಲಿ ಎಫ್‌ಎಸ್‌ಎಸ್‌ಎಐ ಅಧಿಕಾರಿಗಳು ದಾಖಲೆ ನೋಡುತ್ತಾರೆ, ಲೇಬಲ್ ನೋಡುತ್ತಾರೆ, ಸರಕನ್ನು ಕಣ್ಣಲ್ಲಿ ನೋಡುತ್ತಾರೆ, ಮಾದರಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಲ್ಯಾಬಿನ ಫಲಿತಾಂಶವನ್ನು ಪ್ರಶ್ನಿಸಿದರೆ ಅದನ್ನು ಮತ್ತೆ ಪರೀಕ್ಷಿಸುವ ರೆಫರಲ್ ಲ್ಯಾಬುಗಳಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಒಂದು. ಈ ಸರಪಳಿ ಕೆಟ್ಟದ್ದಲ್ಲ. ಆದರೆ ಡಬ್ಬಿಗೆ ಪೆಟ್ಟು ಬೀಳುವುದು ಬಂದರಿನವರೆಗೆ ಮಾತ್ರವಲ್ಲ. ನೋ ಅಬ್ಜೆಕ್ಷನ್ ಕಾಗದ ಕೈಗೆ ಬಂದ ಮೇಲೆ ಲಾರಿ ಇದೆ, ಘಾಟಿ ರಸ್ತೆ ಇದೆ, ಹಮಾಲರು ಎಸೆಯುವುದಿದೆ, ಅಂಗಡಿಯವನು ಬ್ಲೇಡಿನಿಂದ ಪೆಟ್ಟಿಗೆ ಕೊಯ್ಯುವ ಭರಾಟೆಯಲ್ಲಿ ಡಬ್ಬಿಗೂ ಗೀರು ಹಾಕುವುದಿದೆ. ಆಗ ಆ ಕಾಗದ ಹಳೆಯ ಜಾತಕ.

ನಾನು ಕೇಳುವುದು ಹೆಚ್ಚೇನಿಲ್ಲ. ಪೆಟ್ಟು ತಿಂದ ಕನ್ಸೈನ್‌ಮೆಂಟಿಗೆ "ಮಾದರಿ ಪಾಸಾಗಿದೆ, ಬಿಡುಗಡೆ ಮಾಡಿ" ಎಂಬ ಒಂದೇ ಸಾಲಿನ ಷರಾ ನಿಲ್ಲಬೇಕು. ಅದರ ಬದಲು ಪೂರ್ತಿ ಸರಕನ್ನು ಕೈಯಲ್ಲಿ ಆರಿಸಿದ ಲೆಕ್ಕ ಬೇಕು: ಎಷ್ಟು ನೋಡಿದರು, ಅಂಚಿನ ಪೆಟ್ಟು ಎಷ್ಟು, ಮೈಯ ಪೆಟ್ಟು ಎಷ್ಟು, ಕುಳಿಬಿದ್ದ ತುಕ್ಕು ಎಷ್ಟು, ನೋಡಿದವರು ಯಾರು. ಲ್ಯಾಬಿಗೆ ಕಳಿಸುವುದಿದ್ದರೆ ಆರಿಸಿ ಉಳಿದ ಒಳ್ಳೆಯದರಿಂದ ಕಳಿಸಲಿ, ಲಾಟಿನ ರೋಗವಿದ್ದರೆ ಅಲ್ಲಿ ಗೊತ್ತಾಗುತ್ತದೆ. ಸಗಟು ವ್ಯಾಪಾರಿಯ ಗೋದಾಮಿಗೆ ಹೋಗುವ ಇನ್‌ಸ್ಪೆಕ್ಟರು ಮುಕ್ತಾಯದ ದಿನಾಂಕ ನೋಡುವ ಹೊತ್ತಿನಲ್ಲೇ ಡಬ್ಬಿ ತಿರುಗಿಸಿ ಅಂಚನ್ನೂ ನೋಡಲಿ. ಹೋಟೆಲಿನವರು ಬಿಲ್ಲಿನ ಜೊತೆ ಡಬ್ಬಿಯನ್ನೂ ನೋಡಿ ಇಳಿಸಿಕೊಳ್ಳಲಿ. ಗಿರಾಕಿಯ ಮುಂದೆ ಬರುವುದು ತಟ್ಟೆ ಮಾತ್ರ, ಡಬ್ಬಿಯನ್ನು ಅವನು ಎಂದೂ ನೋಡುವುದಿಲ್ಲ.

ತೆಗೆದಿಟ್ಟ ಡಬ್ಬಿಗಳನ್ನು "ನಾಶಕ್ಕೆ" ಎಂದು ಬರೆದು ಮೂಲೆಗೆ ಒಟ್ಟಿದರೆ ಸಾಲದು. ಮೂಲೆಗೆ ಕಾಲು ಬರುವುದನ್ನು ನಾನು ನೋಡಿದ್ದೇನೆ. ಆರಿಸಿದ ದಿನವೇ, ಆರಿಸಿದ ಮೇಜಿನ ಮೇಲೆಯೇ, ಸಾಕ್ಷಿಯ ಮುಂದೆ ಪ್ರತಿಯೊಂದಕ್ಕೂ ಮೊಳೆ ಹೊಡೆದು ತೂತು ಮಾಡಬೇಕು. ಗಬ್ಬುನಾತ ಹೊಡೆಯುತ್ತದೆ, ನೊಣ ಮುತ್ತುತ್ತದೆ, ಗೋದಾಮಿನ ಮಾಲೀಕರು ಕೂಗಾಡುತ್ತಾರೆ. ಸಾಲ್ವೇಜಿನವರು ಆಗಲೂ ಕೊಳ್ಳಲು ಬಂದರೆ ಬರಲಿ, ಗುಜರಿ ತಗಡಿನ ಬೆಲೆಗೆ ಕಿಲೋ ಲೆಕ್ಕದಲ್ಲಿ ಕೊಡೋಣ.